ನೀನು ಒಪ್ಪದ ಬೋಲ್ಟು

ಅಮ್ಮನ ತಮ್ಮನೂ, ಹೆಂಡತಿಯ ಅಪ್ಪನೂ, ನನಗೆ ಲೇತು ಕಲಿಸಿದ ಗುರುವೂ ಆಗಿ, ಮೂರು ಲೆಕ್ಕದಲ್ಲೂ ನನ್ನನ್ನು ಬೈದ ಮಾವನಿಗೆ,

ಯುಗಾದಿಗೆ ಮುಂಚೆ ಮೇಲೂರಿನ ತಿರುವಿನಲ್ಲಿ ನಾನು ಓಡಿಸುತ್ತಿದ್ದ ನಿನ್ನ ಕಾರು ಮತ್ತೆ ಎಡಕ್ಕೆ ಎಳೆಯಿತು. ಹುಣಿಸೆಮರಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಬದುಕಿದ್ದಾಗ ನೀನು ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದೇ ಓಡಿಸುತ್ತಿದ್ದೆ, ಕೇಳಿದರೆ ಅದು ಗಾಡಿಯ ಗುಣ ಅನ್ನುತ್ತಿದ್ದೆ. ಹಿಂದಿನ ಸೀಟಿನಲ್ಲಿದ್ದ ಅತ್ತೆ ಇಳಿದವಳೇ ಚೀಲ ತೆಗೆದುಕೊಂಡಳು. "ನಾನು ಬಸ್ಸಲ್ಲಿ ಬರ್ತೀನಿ ಕಣಪ್ಪ. ಈ ಕಾರು ಗುಜರಿಗೆ ಹೋಗ್ಲಿ. ಹಬ್ಬ ಆದ್ಮೇಲೆ ಬಾ ಅಂತ ಗುಜರಿಯೋನಿಗೆ ಹೇಳಿ ಕಳಿಸ್ತೀನಿ. ನಿಮ್ಮ ಮಾವ ಓಡಿಸ್ತಿದ್ದಾಗ..." ಅನ್ನುತ್ತಲೇ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದಳು. ನೀನು ಓಡಿಸುತ್ತಿದ್ದಾಗ ಹೀಗಿರಲಿಲ್ಲ, ಅಷ್ಟೇ ತಾನೇ? ಮೈಯೆಲ್ಲ ಉರಿದುಹೋಯಿತು.

ಚಿನ್ನದ ಗಣಿಯ ಇಂಗ್ಲಿಷ್ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಈ ಕಾರನ್ನು ನಿನಗೆ ಮಾರಿದ ದಿನ ನೆನಪಿದೆ. ಅದರ ಬಿಡಿಭಾಗ ನಮ್ಮ ಚಿಂತಾಮಣಿಯಲ್ಲಿ ಹಾಗಿರಲಿ, ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಮುಂದಿನ ಗಾಲಿಯ ಕುಲುಕಾಟ ತಡೆಯುವ ಕಮಾನುಪಟ್ಟಿಯನ್ನು ಗಾಡಿಗೆ ಹಿಡಿದಿಡುವ ಬೋಲ್ಟು ಸವೆದಾಗಲೆಲ್ಲ ನೀನು ಅದನ್ನು ಬಿಚ್ಚಿ, ಅದರ ಅಳತೆಗೇ ಹೊಸದು ಕಡೆಯುತ್ತಿದ್ದೆ. ನಮ್ಮ ಕಡೆ ಲೇತಿನವರೆಲ್ಲ ಮಾಡುವುದೂ ಹಾಗೇ. ಗಿರಾಕಿ ಹಳೇ ತುಂಡು ತರಬೇಕು, ನಾವು ಅದರಂತೆ ಇನ್ನೊಂದು ಇಳಿಸಬೇಕು. ಆದರೆ ಸವೆದದ್ದನ್ನು ನೋಡಿ ಮಾಡಿದ್ದು ಸವೆದಷ್ಟೇ ದಪ್ಪ ಇರುತ್ತದಲ್ಲ ಮಾವಾ? ಅದು ಸವೆದ ಮೇಲೆ ಅದನ್ನು ನೋಡಿ ಇನ್ನೊಂದು, ಆಮೇಲೆ ಅದನ್ನು ನೋಡಿ...

ಒಂದು ಸಲ ಬಾಯಿಬಿಟ್ಟು ಹೇಳಿದ್ದೆ, "ಇನ್ನೊಂಚೂರು ದಪ್ಪ ಮಾಡಣ ಮಾವಾ" ಅಂತ. ನೀನು ಬೀಡಿ ಕೈಗೆ ತೆಗೆದುಕೊಂಡು, "ಏಮಯ್ಯಾ, ಕಂಪ್ನಿಯೋನಿಗಿಂತ ಬುದ್ಧಿವಂತನೇನೋ ನೀನು? ಅಳತೆ ಮುಟ್ಬೇಡ ಕಣೋ" ಅಂದೆ. ಯಾವ ಕಂಪನಿಯ ಅಳತೆ? ಅದು ನಿನ್ನ ಕಳೆದ ಸಲದ ಅಳತೆ! ಅತ್ತೆ ಬಸ್ಸು ಹತ್ತಿದ ಮಾರನೇ ದಿನ, ನೀನು ಯಾವತ್ತೂ ಬಿಚ್ಚದ ಹಿಂದಿನ ಕಮಾನುಪಟ್ಟಿಯ ಬೋಲ್ಟನ್ನು ನಾನು ಬಿಚ್ಚಿದೆ. ಹಿಂದಕ್ಕೂ ಮುಂದಕ್ಕೂ ಒಂದೇ ಜಾತಿಯ ಬೋಲ್ಟು ಅದು. ನೀನು ಕಡೆದದ್ದನ್ನು ಅದರ ಪಕ್ಕಕ್ಕಿಟ್ಟೆ. ಅಣ್ಣನ ಪಕ್ಕ ಸಣಕಲು ತಮ್ಮ ನಿಂತ ಹಾಗಿತ್ತು. ಅದು ತೂತಿನಲ್ಲಿ ಅಲ್ಲಾಡುತ್ತಿದ್ದುದಕ್ಕೇ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಜೊತೆ ಜಗಳವಾಡಲಿ? ಜಗಳವಾಡಬೇಕಾದಾಗ ನೀನು ಇಲ್ಲ.

ಹೊಸ ಬೋಲ್ಟಿಗೆಂದು ಲಾರಿಯ ಮುರಿದ ಆಕ್ಸಲ್ ತುಂಡನ್ನು ಲೇತಿಗೆ ಕಟ್ಟಿದ ದಿನ ಹಠ ಹಿಡಿದಿದ್ದೆ. ಕಂಪನಿಯದಕ್ಕಿಂತಲೂ ದಪ್ಪ ಮಾಡುತ್ತೇನೆ, ಗ್ರೀಸು ಒಳಗಿನವರೆಗೆ ಇಳಿಯಲು ನಡುವೆ ತೂತು ಕೊರೆಯುತ್ತೇನೆ ಎಂದು. ಗಾಡಿಯಲ್ಲಿ ಬೋಲ್ಟು ಕೂರುವ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಅದನ್ನು ಮತ್ತೆ ದುಂಡಗೆ ಮಾಡಿ ಒಳಗೆ ಬಳೆಯಂಥ ಕಂಚಿನ ಬುಷ್ಷು ಕೂರಿಸಿದೆ. ಮೊದಲ ಬೋಲ್ಟಿನೊಳಗೆ ಡ್ರಿಲ್ಲೇ ಮುರಿದು ಕೂತಿತು. ಎರಡನೆಯದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ ಹಾಕಿದೆ. ಶಿಡ್ಲಘಟ್ಟದ ರಸ್ತೆಯ ಮೊದಲ ಗುಂಡಿಗೇ ಪಟ್ಟೆಂದು ಮುರಿಯಿತು. ನಡುರಸ್ತೆಯಲ್ಲಿ ನಿಂತು ನಿನ್ನ ಹೆಸರು ಹಿಡಿದು ಬೈದೆ ಮಾವಾ, ಜಟಕಾದವನು ಕುದುರೆ ನಿಲ್ಲಿಸಿ ನೋಡುತ್ತಿದ್ದ. ಯಾಕೆ ಮುರಿಯಿತು? ಅಷ್ಟು ಗಟ್ಟಿ ಮಾಡಿದ್ದೆನಲ್ಲ?

ನೀನು ಉಳಿಗೆ ಹದ ಕೊಡುತ್ತಿದ್ದುದು ನೆನಪಾದದ್ದು ಆಗ. ಗಡಸು ಮಾಡಿದ ಮೇಲೆ ಮತ್ತೆ ನಿಧಾನಕ್ಕೆ ಕಾಯಿಸುತ್ತಿದ್ದೆ, ಉಕ್ಕಿಗೆ ಜೇನಿನ ಬಣ್ಣ ಬರುವವರೆಗೆ ಕಣ್ಣು ಕೀಳುತ್ತಿರಲಿಲ್ಲ. "ಬರೀ ಗಟ್ಟಿ ಇದ್ರೆ ಸಾಲ್ದು, ಏಟೂ ತಿನ್ಬೇಕು" ಅನ್ನುತ್ತಿದ್ದೆ. ಬೋಲ್ಟಿಗೆ ಏಟು ಇನ್ನೂ ಜಾಸ್ತಿಯಲ್ಲವೇ? ಅದಕ್ಕೇ ಮೂರನೆಯದನ್ನು ಜೇನಿನ ಬಣ್ಣ ದಾಟಿ ನೀಲಿ ಹತ್ತುವವರೆಗೆ ಕಾಯಿಸಿದೆ. ಅಳತೆಯಲ್ಲಿ ನಿನ್ನ ಮಾತು ಮೀರಿದೆ, ಹದದಲ್ಲಿ ನಿನ್ನ ಮಾತೇ ಹಿಡಿದೆ. ಹೀಗೆ ಅರ್ಧ ಸರಿ ಅರ್ಧ ತಪ್ಪು ಕಲಿಸಿ ಹೋದರೆ ಉಳಿದವರು ಏನು ಮಾಡಬೇಕು ಹೇಳು?

ನಿನ್ನೆ ಅತ್ತೆ ವಿದುರಾಶ್ವತ್ಥಕ್ಕೆ ಬಸ್ಸಿಗೆ ಹೊರಟಿದ್ದಳು, ಕಾಡಿಬೇಡಿ ಕಾರಿನಲ್ಲಿ ಕೂರಿಸಿದೆ. ಇವತ್ತು ಗುಜರಿಯವನು ಬರುವವನಿದ್ದ, ನನಗಿದ್ದದ್ದು ಅದೊಂದೇ ದಿನ. ಮೇಲೂರಿನ ತಿರುವು ಬಂದಾಗ ಸ್ಟೇರಿಂಗನ್ನು ಜಗ್ಗದೆ ಹಗುರಾಗಿ ಹಿಡಿದೆ. ಕಾರು ಗೆರೆ ಎಳೆದ ಹಾಗೆ ತಿರುಗಿತು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಎರಡೂ ಕೈಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು.

"ನಿಮ್ಮ ಮಾವ ಓಡಿಸ್ತಿದ್ದಾಗ," ಅಂದಳು, "ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ತಾಳಿ ಹಿಡ್ಕೊಂಡೇ ಕೂತಿರ್ತಿದ್ದೆ ಕಣಪ್ಪ."

"ಅಯ್ಯೋ ಅತ್ತೆ, ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೊಂದ್ಕೊಳ್ಳೋರು. ಈ ಕಾರಂದ್ರೆ ಅವರಿಗೆ ಅಷ್ಟು ಪ್ರಾಣ."

ನಿನಗೆ ಇದು ಗೊತ್ತಿತ್ತಾ ಮಾವಾ? ಇರಲಾರದು. ನಿನ್ನ ಕಣ್ಣು ಯಾವಾಗಲೂ ರಸ್ತೆಯ ಮೇಲೆ.

ಬೆಳಿಗ್ಗೆ ಗುಜರಿಯವನನ್ನು ಅತ್ತೆಯೇ ವಾಪಸು ಕಳಿಸಿದಳು. ಈ ಬೋಲ್ಟೂ ಒಂದು ದಿನ ಸವೆಯುತ್ತದೆ. ಆಗ ಸವೆದದ್ದನ್ನು ನೋಡಿ ಇನ್ನೊಂದು ಮಾಡುವುದಿಲ್ಲ, ಮಾತು ಕೊಡುತ್ತೇನೆ. ನಿನ್ನ ಕಾರಿನ ತುಂಬ ಕಡಲೆಕಾಯಿ ಸಿಪ್ಪೆ ಬಿದ್ದಿದೆ. ನೀನಿದ್ದಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ನಾನಿನ್ನೂ ಗುಡಿಸಿಲ್ಲ.

ನಿನ್ನ ಅಳಿಯ