ತ್ಸೋನಜ್ಜಿಯ ಗೇಟಿನ ಹಾಳೆ

ಅಕ್ಟೋಬರ್ 14, ಸೋಮವಾರ

ಆ ಹಾಳೆ ಕಣ್ಣಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಬ್ರೆಡ್ ತರಲು ಹೊರಟಾಗ ಎದುರುಮನೆ ತ್ಸೋನಜ್ಜಿಯ ಗೇಟಿನ ಮೇಲೆ ಕಂಡಿತು. ನಮ್ಮ ಬೀದಿಯಲ್ಲಿ ಗೇಟಿಗೆ ಹಾಳೆ ಅಂಟಿಸುವುದು ಯಾರಾದರೂ ಸತ್ತಾಗ, ಇಲ್ಲವೇ ಸತ್ತವರ ವರ್ಷಕ್ಕೆ ಮಾತ್ರ. ಅಜ್ಜಿ ಹೋದಳು ಅಂದುಕೊಂಡು ಎದೆಯ ಮೇಲೆ ಶಿಲುಬೆ ಬರೆದುಕೊಂಡೆ. ನನ್ನ ಮಗ ಯಾವೊರ್‌ನನ್ನು ಕೊಂದವನ ತಾಯಿ ಅವಳು. ಆದರೂ ಕೈ ತಾನಾಗಿ ಎದ್ದಿತು. ಪಕ್ಕದ ಮನೆಯ ರಾಯ್ನಾ ಆಗಲೇ ಸತ್ತವರಿಗೆ ಕೊಡುವ ಹಾಗೆ ಎರಡೇ ಎರಡು ಸೇವಂತಿಗೆ ಹಿಡಿದು ನಿಂತಿದ್ದಳು.

ಹತ್ತಿರ ಹೋಗಿ ಓದಿದೆ. ಮನೆ ಹರಾಜಿನ ನೋಟೀಸು. ಕೋರ್ಟು ನನಗೆ ಕೊಡಬೇಕೆಂದ ಪರಿಹಾರದ ಹಣಕ್ಕಾಗಿ. ಜೈಲಿನಲ್ಲಿರುವ ಅಜ್ಜಿಯ ಮಗನ ಹೆಸರಿನಲ್ಲಿ ಇರುವುದು ಆ ಮನೆಯೊಂದೇ. ಅರ್ಜಿದಾರಳೆಂದು ದಪ್ಪ ಅಕ್ಷರದಲ್ಲಿ ನನ್ನ ಹೆಸರು. ವಕೀಲ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದೆ. ಅಜ್ಜಿ ಎಲ್ಲಿಗೆ ಹೋಗುತ್ತಾಳೆ ಅಂತ ಕೇಳಿರಲಿಲ್ಲ.

"ನಾನಿನ್ನೂ ಸತ್ತಿಲ್ಲ ಕಣೇ ರಾಯ್ನಾ, ಹೂವು ನೀರಲ್ಲಿಟ್ಟಿರು, ಬೇಕಾಗುತ್ತೆ," ಅಂದಳು ಅಜ್ಜಿ ಕಿಟಕಿಯಿಂದ.

ಹರಾಜು ನಿಲ್ಲಿಸಿದರೆ ಯಾವೊರ್‌ನ ಜೀವಕ್ಕೆ ಬೆಲೆಯೇ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ನಿಲ್ಲಿಸದಿದ್ದರೆ... ಗೊತ್ತಿಲ್ಲ. ನನಗೇನೂ ಗೊತ್ತಿಲ್ಲ.

ಸಂಜೆ ಅವಳೇ ನಮ್ಮ ಗೇಟಿಗೆ ಬಂದಳು. ವರ್ಷದಿಂದ ಮಾತಿರಲಿಲ್ಲ.

"ನೆವೆನಾ, ಗಾಳಿಗೆ ಆ ನೋಟೀಸಿನ ಮೂಲೆ ಏಳ್ತಿದೆ. ಹಾರಿಹೋದ್ರೆ ಮುದುಕಿನೇ ಕಿತ್ಲು ಅಂತಾರೆ. ಒಂಚೂರು ಗೋಂದು ಇದ್ಯಾ?"

ಇತ್ತು. ಹೋದ ವಾರ ಯಾವೊರ್ ಸತ್ತು ವರ್ಷವಾದಾಗ ನಮ್ಮ ಗೇಟಿಗೆ ಹಾಳೆ ಅಂಟಿಸಿ ಉಳಿದದ್ದು. ಅದನ್ನು ಹಿಡಿದು ಅವಳ ಜೊತೆ ಬೀದಿ ದಾಟಿದೆ. ನಾನೇ ಹಚ್ಚಿದೆ. ಒಣಗುವವರೆಗೂ ನಾನೇ ಒತ್ತಿ ಹಿಡಿದುಕೊಂಡೆ.