ನಿರ್ವಾತದ ಪ್ರಶ್ನೆಗೆ ನಿಮ್ಮ ಉತ್ತರ

ರೇಣುಕಪ್ರಸಾದ್ ಮೇಷ್ಟ್ರೇ,

ನೀವು ಸತ್ತು ಹನ್ನೊಂದು ದಿನವಾಯಿತು. ಇವತ್ತು ತರೀಕೆರೆಯ ನಿಮ್ಮ ಮನೆಗೆ ಹೋಗಿದ್ದೆ. ಅಳುವುದಕ್ಕಲ್ಲ, ನಿಮ್ಮ ಹೆಂಡತಿ ಕಾಶಮ್ಮನವರು ಕರೆದಿದ್ದರು. "ಇದ್ರಲ್ಲಿ ನಿನ್ ಹೆಸ್ರೈತೆ ಕಣಮ್ಮ" ಎಂದು ಒಂದು ನೋಟ್‌ಬುಕ್ ಕೊಟ್ಟರು.

ಮೊದಲ ಪುಟದಲ್ಲಿ ಪಿಯುಸಿಯಲ್ಲಿ ನಾನು ಕೇಳಿದ ಪ್ರಶ್ನೆಯಿತ್ತು: ನಿರ್ವಾತದಲ್ಲಿ ಏನೂ ಇಲ್ಲದಿದ್ದರೆ ಎಲೆಕ್ಟ್ರಾನಿಗೆ ದ್ರವ್ಯರಾಶಿ ಎಲ್ಲಿಂದ ಬರುತ್ತದೆ? ಅವತ್ತು ನೀವು, "ಲೇ ಕೋಮಲಾ, ಮೊದ್ಲು ಪಾಸಾಗೋದ್ ನೋಡ್ಕೋ. ದೊಡ್ಡ ವಿಜ್ಞಾನಿ ಬಂದ್ಬಿಟ್ಳು" ಎಂದು ಇಡೀ ತರಗತಿಯನ್ನು ನಗಿಸಿದಿರಿ. ನಾನು ಭೌತಶಾಸ್ತ್ರವನ್ನೇ ಬಿಟ್ಟೆ. ಈಗ ಕಚೇರಿಯಲ್ಲಿ ಖಾತೆ ಬದಲಾವಣೆಯ ಅರ್ಜಿ ನೋಡುತ್ತೇನೆ.

ಮುಂದಿನ ನಲವತ್ತು ಪುಟ ನಿಮ್ಮ ಉತ್ತರ. ನಿರ್ವಾತ ಖಾಲಿಯಲ್ಲ, ಅಲ್ಲೆಲ್ಲ ಒಂದು ಕ್ಷೇತ್ರ ತುಂಬಿದೆ, ಅದರ ಒಡನಾಟದಿಂದಲೇ ಎಲೆಕ್ಟ್ರಾನಿಗೆ ದ್ರವ್ಯರಾಶಿ ಬರುತ್ತದೆ ಎಂದು ಬರೆದಿದ್ದಿರಿ. ಹದಿನಾಲ್ಕು ವರ್ಷ ಹುಡುಕಿದ್ದಿರಿ. ನಾನು ಅಜ್ಜಂಪುರದಲ್ಲೇ ಇದ್ದೆ. ಒಂದು ಬಸ್ಸು ಹತ್ತಿ ಬಂದು ಹೇಳಲು ನಿಮ್ಮಿಂದಾಗಲಿಲ್ಲ.

"ಇಟ್ಕೋತೀಯೇನಮ್ಮ?" ಎಂದರು ಕಾಶಮ್ಮ.

"ಬೇಡ" ಎಂದೆ.

ಕೊನೆಯ ಪುಟದಲ್ಲಿ, ದೂರದಿಂದ ಅಳೆದರೆ ಎಲೆಕ್ಟ್ರಾನಿನ ವಿದ್ಯುದಾವೇಶ ಹೆಚ್ಚು ಎಂದು ಬರೆದಿದ್ದಿರಿ. ತಪ್ಪು. ತರಗತಿಯಲ್ಲಿ ಬಿಟ್ಟರೂ ಮನೆಯಲ್ಲಿ ನಾನೂ ಓದುತ್ತಲೇ ಇದ್ದೆ. ನಿರ್ವಾತ ಆ ಆವೇಶವನ್ನು ದೂರದಿಂದ ಮರೆಮಾಡುತ್ತದೆ, ಹತ್ತಿರ ಹೋದಷ್ಟೂ ಅದು ಹೆಚ್ಚು ಕಾಣುತ್ತದೆ. ಕಾಶಮ್ಮನವರಿಂದ ಪೆನ್ನು ಇಸಿದುಕೊಂಡು ತಿದ್ದಿ, ನೋಟ್‌ಬುಕ್ಕನ್ನು ಅವರ ಕೈಗೇ ಕೊಟ್ಟು ಬಂದೆ.