ಕೊನೆಯ ಸ್ಟಾಪಿನಲ್ಲಿ ಅಮ್ಮ

ಮನೆಯಿಂದ
ಗುರುವಾರ ಮಧ್ಯಾಹ್ನ, ಮಕ್ಕಳು ಮಲಗಿರುವ ಹೊತ್ತು

ಪ್ರೀತಿಯ ಅಕ್ಕಾ,

ಭಾವನ ಬೆನ್ನು ಹೇಗಿದೆ? ನಿನ್ನೆ ಎಬ್ಬಿಸಿ ಕೂರಿಸಿದರಂತೆ. ಕೂತದ್ದೇ ತಡ, ಡಾಕ್ಟರಿಗೇ ಬುದ್ಧಿ ಹೇಳಲು ಶುರು ಮಾಡಿರುತ್ತಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಆಸ್ಪತ್ರೆಯ ಆ ಕುರ್ಚಿಯಲ್ಲೇ ಮಲಗಿ ಮಲಗಿ ನಿನ್ನ ಬೆನ್ನೂ ಕೈಕೊಟ್ಟರೆ ಪಕ್ಕದ ಮಂಚ ನಿನಗೇ ಕೊಟ್ಟಾರು, ಜೋಕೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಹೊಲಿಗೆ ಮಿಷನ್ನು ಬಿಟ್ಟು ಏಳುವುದಿಲ್ಲ. ಗುಂಡನಿಗೆ ಮೂಗು ಸೋರುತ್ತಿದೆ, ಜ್ವರವಿಲ್ಲ. ಚಿನ್ನಿಗೆ ಮೈಯಲ್ಲಿ ಏನೂ ತೊಂದರೆಯಿಲ್ಲ.

ದಿನಾ ಫೋನು ಮಾಡುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ಆ ಕಡೆ ಭಾವ ಇರುತ್ತಾರೆ, ಈ ಕಡೆ ಅಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಸೋಮವಾರ ಸಂಜೆಯಿಂದ ಚಿನ್ನಿ ನಿನ್ನ ಫೋನು ಮುಟ್ಟುತ್ತಿಲ್ಲ. ಬಿಟ್ಟು ಬಂದೆನೆಂದು ಮಗು ಮುನಿಸಿಕೊಂಡಿದೆ ಎಂದು ನೀನು ನಿನ್ನೆ ಕಣ್ಣೀರು ಹಾಕಿದೆಯಂತೆ. ಅವಳಿಗೆ ನಿನ್ನ ಮೇಲೆ ಮುನಿಸಿಲ್ಲ ಅಕ್ಕಾ. ಅವಳು ಫೋನು ಮುಟ್ಟದಿರುವುದಕ್ಕೆ ಕಾರಣ ನಾನು. ಮುಖ ತೋರಿಸಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೇಕರಿಯಲ್ಲಿ ನನ್ನ ಪಾಳಿ ಬೆಳಿಗ್ಗೆಯೇ ಮುಗಿಯುತ್ತದೆ. (ಈ ಕೆಲಸ ಇನ್ನೂ ಬಿಟ್ಟಿಲ್ಲ, ನಗಬೇಡ.) ಮನೆಯ ತುಂಬ ಸೂಜಿ, ಕತ್ತರಿ. ಗುಂಡನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಹಾಗಾಗಿ ಎಂಥ ಚಳಿಯಿದ್ದರೂ ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಮೊದಮೊದಲು ಚೆನ್ನಾಗಿಯೇ ಇತ್ತು. ಬೇಕರಿಯ ಹಿಂಭಾಗದಲ್ಲಿ ಒಲೆಗೆ ಅಂಟಿಕೊಂಡ ಗೋಡೆಯಿದೆಯಲ್ಲ, ಅದಕ್ಕೆ ಮೂವರೂ ಅಂಗೈ, ಕೆನ್ನೆ ಒತ್ತಿಕೊಂಡು ನಿಲ್ಲುತ್ತಿದ್ದೆವು. ಅಲ್ಲಿಂದ ಅಲಂಕಾರದ ಮೀನು ಮಾರುವ ಅಂಗಡಿಗೆ. ಆಮೇಲೆ ಲೈಬ್ರರಿಯ ಮಕ್ಕಳ ಕೋಣೆಗೆ, ಅಲ್ಲಿ ಹೀಟರ್ ಇದೆ. ಗುಂಡ ಅಲ್ಲಿ ಒಂದು ತಿಮಿಂಗಿಲದ ಚಿತ್ರವನ್ನು ನೆಕ್ಕಿದ. ಲೈಬ್ರರಿಯಮ್ಮ ಕನ್ನಡಕ ಕೆಳಗಿಳಿಸಿ, "ರುಚಿಯಾಗಿದ್ರೆ ಮನೆಗೆ ತಗೊಂಡ್ಹೋಗಪ್ಪ, ಹದಿನೈದು ದಿನ ಇಟ್ಕೋಬಹುದು" ಎಂದರು.

ಗೋಳೆಲ್ಲ ಹೊರಡುವಾಗ. ಗುಂಡನಿಗೆ ಕಾಲುಚೀಲ ಕಂಡರೆ ಆಗದು. ಒಂದು ಹಾಕಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ಮಂಚದ ಕೆಳಗೆ. ಒಂದು ದಿನ ಅರ್ಧ ಗಂಟೆ ಒದ್ದಾಡಿ, ಬೆವರಿ, ರೇಗಿ, "ಹಾಕ್ಕೋ, ಅಮ್ಮನ ಹತ್ರ ಹೋಗೋಣ" ಎಂದುಬಿಟ್ಟೆ. ಅವನು ಎರಡೂ ಕಾಲು ಚಾಚಿ ಗೊಂಬೆಯಂತೆ ಕೂತ. ಅವತ್ತು ಬಸ್ಸು ಹತ್ತಿಸಿ ಕೊನೆಯ ಸ್ಟಾಪಿನವರೆಗೆ ಕರೆದುಕೊಂಡು ಹೋದೆ. ಗಾಜಿನ ತಂಗುದಾಣದಲ್ಲಿ ಎಲ್ಲ ಕಡೆ ಹುಡುಕಿದವನಂತೆ ನಟಿಸಿ, "ಅಯ್ಯೋ, ಅಮ್ಮ ಈಗ ತಾನೇ ಹೋದ್ಳಂತೆ" ಎಂದೆ. ಒಂದು ಬನ್ನು ಕೈಗಿಟ್ಟೆ. ವಾಪಸು ಬರುವಾಗ ತೊಡೆಯ ಮೇಲೆ ನಿದ್ದೆ ಹೋದ. ಎಷ್ಟು ಸುಲಭವಾಯಿತೆಂದರೆ ಮರುದಿನವೂ ಹಾಗೇ ಮಾಡಿದೆ. ಅದರ ಮರುದಿನವೂ.

ಹೆಡ್‌ಮೇಷ್ಟ್ರ ಮುಂದೆ ಒಂದೇ ಒಂದು ಸುಳ್ಳು ಹೇಳಿದ್ದರೆ ನಾನು ಇವತ್ತಿಗೂ ಆ ಶಾಲೆಯ ಕೆಲಸದಲ್ಲಿರುತ್ತಿದ್ದೆ. ಹೇಳಲಿಲ್ಲ ಎಂಬ ಜಂಬದಲ್ಲೇ ಇಷ್ಟು ದಿನ ತಿರುಗಿದ್ದೇನೆ, ಭಾವ 'ಸತ್ಯಸಂಧ' ಎಂದು ಗೇಲಿ ಮಾಡಿದರೂ ಒಳಗೊಳಗೇ ಹಿಗ್ಗಿದ್ದೇನೆ. ಅಂಥವನು ಕಾಲುಚೀಲಕ್ಕಾಗಿ ಎರಡು ವರ್ಷದ ಮಗುವಿಗೆ ದಿನಾ ಸುಳ್ಳು ಹೇಳಿದೆ.

ಚಿನ್ನಿ ಇದನ್ನೆಲ್ಲ ನೋಡುತ್ತಿದ್ದಳು. ನಾಲ್ಕು ವರ್ಷದವಳಿಗೆ ಏನು ತಿಳಿದೀತು ಅಂದುಕೊಂಡಿದ್ದೆ. ಸೋಮವಾರ ಕೊನೆಯ ಸ್ಟಾಪಿನಲ್ಲಿ ಇಳಿದಾಗ ವಿಪರೀತ ಗಾಳಿ. ನನಗೆ ಸುಸ್ತಾಗಿತ್ತು, ನಾಟಕವಾಡಲು ಮನಸ್ಸಿರಲಿಲ್ಲ. ಗುಂಡ ಗಾಜಿಗೆ ಮುಖವೊತ್ತಿ ಒಳಗಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಅಳಲು ಶುರು ಮಾಡಿದ. ಆಗ ಚಿನ್ನಿ ಅವನ ಎರಡೂ ಕೆನ್ನೆ ಹಿಡಿದುಕೊಂಡು, ಥೇಟ್ ನನ್ನದೇ ರಾಗದಲ್ಲಿ, "ಅಯ್ಯೋ, ಅಮ್ಮ ಈಗ ತಾನೇ ಹೋದ್ಳಂತೆ ಕಣೋ. ನಾಳೆ ಬೇಗ ಬರೋಣ" ಎಂದಳು. ನನ್ನ ಕಡೆ ತಿರುಗಿ, "ಅಲ್ವಾ ಮಾಮಾ?" ಎಂದಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ನಾನು "ಹೂಂ" ಎಂದೆ ಅಕ್ಕಾ. ಆಗಲಾದರೂ ಇಲ್ಲ ಎನ್ನಬಹುದಿತ್ತು.

ಅವತ್ತು ಸಂಜೆಯೇ ಅವಳು ಫೋನು ಬೇಡವೆಂದದ್ದು. ನಿನ್ನೆ ನೀನು ಫೋನು ಮಾಡಿದಾಗ ಗುಂಡ ಫೋನಿನ ಕಡೆ ಓಡಲು ನೋಡಿದ, ಅವಳು ಅವನ ಅಂಗಿ ಹಿಡಿದೆಳೆದು ಮೆಲ್ಲಗೆ ಹೇಳಿದಳು: "ಫೋನಲ್ಲಿರೋದು ಅಮ್ಮ ಅಲ್ಲ ಗುಂಡಾ. ನೀನು ಕಾಲುಚೀಲ ಹಾಕ್ಕೊಳ್ಳಲಿ ಅಂತ ಸುಮ್ನೆ ಹಂಗೆ ಮಾತಾಡ್ತಾರೆ."

ನನಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅಪ್ಪನ ಬೆನ್ನು, ಆಪರೇಷನ್ನು, ಮಕ್ಕಳನ್ನು ಒಳಗೆ ಬಿಡದ ಆಸ್ಪತ್ರೆ, ಫೋನಿನಲ್ಲಿ ಮಾತಾಡುವುದು ನೀನೇ ಎನ್ನುವುದು, ಬಸ್ಸಿನದು ನನ್ನ ಸುಳ್ಳು ಎನ್ನುವುದು. ಅವಳು ಪೂರ್ತಿ ಕೇಳಿಸಿಕೊಂಡು, "ಇದು ನಿಜಾನಾ, ಇದೂ ಸುಮ್ನೇನಾ?" ಎಂದಳು. ನಿಜ ಎಂದೆ. "ಸರಿ" ಎಂದಳು, ದೊಡ್ಡವರು ಮಕ್ಕಳ ಸಮಾಧಾನಕ್ಕೆ ಅನ್ನುತ್ತಾರಲ್ಲ, ಹಾಗೆ. ಇವತ್ತು ಬೆಳಿಗ್ಗೆ ಗುಂಡನ ಕಾಲುಚೀಲಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕಚ್ಚಿದ, ಒದ್ದ. ನಾನೂ ಬಿಡಲಿಲ್ಲ, ಏನೂ ಹೇಳಲೂ ಇಲ್ಲ. ಅಮ್ಮನಿಗೆ ಇದಾವುದೂ ಗೊತ್ತಿಲ್ಲ. ಸಂಜೆ ಹೇಳಿ ಬೈಸಿಕೊಳ್ಳುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಈ ಕಾಗದವನ್ನು ಅವರಿಗೂ ಓದಿ ಹೇಳು, ಗೇಲಿ ಮಾಡುವುದಿದ್ದರೆ ಇನ್ನು ಬೇರೆ ಹೆಸರು ಹುಡುಕಲಿ.

ನಿನ್ನ ತಮ್ಮ

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಪಕ್ಕದ ಮನೆಯ ನರ್ಸಮ್ಮ ಇವತ್ತೇ ಆ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಶನಿವಾರ ಮೊದಲ ಬಸ್ಸಿಗೆ ನಾನು ಅಲ್ಲಿಗೆ ಬರುತ್ತೇನೆ. ಬೇಕರಿಯ ಯಜಮಾನರು ಬಾಯಿಗೆ ಬಂದಂತೆ ಬೈದು ಎರಡು ದಿನ ರಜೆ ಕೊಟ್ಟಿದ್ದಾರೆ. ಭಾವನನ್ನು ಎತ್ತಿ ಕೂರಿಸುವುದು, ಒರೆಸುವುದು, ಎಲ್ಲವನ್ನೂ ಮಾಡುತ್ತೇನೆ. ಅದೇ ಬಸ್ಸಿಗೆ ನೀನು ಮನೆಗೆ ಬಾ. ಚಿನ್ನಿ ನಿನ್ನ ಕೈ ಮುಟ್ಟಿ ನೋಡಬೇಕು, ಬೇರೆ ಯಾವ ಮಾತಿನಿಂದಲೂ ಇದು ಸರಿಹೋಗುವುದಿಲ್ಲ. ಮಕ್ಕಳಿಗೆ ನೀನು ಬರುತ್ತೀಯೆಂದು ಹೇಳಿಲ್ಲ. ನೀನು ಬಾಗಿಲು ತಟ್ಟುವವರೆಗೆ ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ.